ಅಪ್‌ಡೇಟ್: ರೊಕ್ಯುರೋನಿಯಂ ಬ್ಲಾಕ್ ಮತ್ತು ನಿಯೋಸ್ಟಿಗ್ಮಿನ್

ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು (ಇದೇ ಬ್ಲಾಕ್) ಕೊಡುವ ರೊಕ್ಯುರೋನಿಯಂ ಆದ ಮೇಲೆ, ಅದನ್ನು ಹಿಮ್ಮೆಟ್ಟಿಸುವ ನಿಯೋಸ್ಟಿಗ್ಮಿನ್ ಕೊಟ್ಟರೂ ಸ್ನಾಯುಬಲ ಪೂರ್ತಿ ಮರಳದಿರುವುದು ಏಕೆ ಎಂದು ನಾನು ಹಿಂದೆ ಕೇಳಿದ್ದೆ; ಸಿಕ್ಕ ಉತ್ತರ ಇದು. ಮುಖ್ಯ ಕಾರಣ, ಬ್ಲಾಕ್ ಇನ್ನೂ ಆಳವಾಗಿರುವಾಗಲೇ ಬೇಗ ಕೊಟ್ಟುಬಿಡುವುದು. ನಿಯೋಸ್ಟಿಗ್ಮಿನ್ ರೊಕ್ಯುರೋನಿಯಂ ಅನ್ನು ಸ್ನಾಯುವಿನ ಮೇಲಿನ ನಿಕೋಟಿನಿಕ್ ರಿಸೆಪ್ಟರ್‌ನಿಂದ ಕೀಳುವುದಿಲ್ಲ. ಅಸಿಟೈಲ್‌ಕೋಲಿನ್ (ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ರಾಸಾಯನಿಕ) ಒಡೆಯುವ ಕಿಣ್ವವನ್ನು ತಡೆದು, ಅದೇ ರಿಸೆಪ್ಟರ್‌ಗಾಗಿ ರೊಕ್ಯುರೋನಿಯಂ ಜೊತೆ ಅದು ನಡೆಸುವ ಪೈಪೋಟಿಗೆ ಬಲ ತುಂಬುತ್ತದೆ, ಅಷ್ಟೇ. ಕಿಣ್ವ ಪೂರ್ತಿ ಕಟ್ಟಿಹೋದ ಮೇಲೆ ಹೆಚ್ಚುವರಿ ಡೋಸ್ ದಂಡ.

ಟ್ರೇನ್-ಆಫ್-ಫೋರ್‌ನಲ್ಲಿ (ನರಕ್ಕೆ ಸಾಲಾಗಿ ನಾಲ್ಕು ವಿದ್ಯುತ್ ಪ್ರಚೋದನೆ ಕೊಡುವ ಪರೀಕ್ಷೆ) ನಾಲ್ಕೂ ಟ್ವಿಚ್, ಅಂದರೆ ಸ್ನಾಯುವಿನ ಅದುರು, ಕಂಡ ಮೇಲೆಯೇ ನಿಯೋಸ್ಟಿಗ್ಮಿನ್ ಕೆಜಿಗೆ 0.05 ಮಿಗ್ರಾಂ, ಒಟ್ಟು 5 ಮಿಗ್ರಾಂ ಮೀರದಂತೆ. ಪ್ರತಿ 1 ಮಿಗ್ರಾಂಗೆ 0.2 ಮಿಗ್ರಾಂ ಗ್ಲೈಕೊಪೈರೊಲೇಟ್ (ನಾಡಿ ಇಳಿಯದಂತೆ ತಡೆಯುವ ಔಷಧ) ಸೇರಿಸದಿದ್ದರೆ ನಾಡಿಬಡಿತ ಕುಸಿಯುತ್ತದೆ. ಕನಿಷ್ಠ 10 ನಿಮಿಷ ಕಾಯಬೇಕು. ಮೊದಲ ಟ್ವಿಚ್‌ಗೆ ಹೋಲಿಸಿದರೆ ನಾಲ್ಕನೆಯದರ ಬಲದ ಅನುಪಾತ 0.9 ಮುಟ್ಟದೆ ಉಸಿರಾಟದ ಟ್ಯೂಬ್ ತೆಗೆಯಬಾರದು. ರೋಗಿ ತಲೆ ಎತ್ತಿದರೆ ಸಾಕು ಎನ್ನುವ ಹಳೇ ಪರೀಕ್ಷೆ ನಂಬುವಂಥದ್ದಲ್ಲ.

ಬ್ಲಾಕ್ ಆಳವಾಗಿದ್ದರೆ ರೊಕ್ಯುರೋನಿಯಂ ಅನ್ನೇ ಹಿಡಿದಿಡುವ ಸುಗಮಾಡೆಕ್ಸ್ ಕೆಜಿಗೆ 4 ಮಿಗ್ರಾಂ. ಸ್ನಾಯು ಸಡಿಲಿಸುವ ಇನ್ನೊಂದು ಔಷಧವಾದ ಅಟ್ರಾಕ್ಯುರಿಯಂ ಮೇಲೆ ಅದು ನಡೆಯದು.

ಸಕ್ಸಿನೈಲ್‌ಕೋಲಿನ್‌ಗೆ (ಬೇರೆ ಬಗೆಯ ಸ್ನಾಯು ಸಡಿಲಿಸುವ ಔಷಧ) ನಿಯೋಸ್ಟಿಗ್ಮಿನ್ ಬೇಡ: ಸಕ್ಸಿನೈಲ್‌ಕೋಲಿನ್ ಅನ್ನು ಒಡೆಯುವ ರಕ್ತದ ಕಿಣ್ವ ಪ್ಲಾಸ್ಮಾ ಕೋಲಿನೆಸ್ಟರೇಸ್ ಕೂಡ ತಡೆಯಲ್ಪಟ್ಟು ಬ್ಲಾಕ್ ಇನ್ನಷ್ಟು ಎಳೆಯುತ್ತದೆ.