ಟ್ವೈಫರ್ಡ್‌ನಲ್ಲಿ ಮನೆ ತಗೋಬಹುದಾ? ಅದು ಇನ್ನೂ ಹಳ್ಳಿಯಾಗಿ ಉಳಿದಿದೆಯಾ?

ರೆಡಿಂಗ್_ಸುಮಾ:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಬಾಡಿಗೆಗಿದ್ದೇವೆ. ಪಕ್ಕದ ಟ್ವೈಫರ್ಡ್‌ನಲ್ಲಿ ಒಂದು ಮನೆ ತುಂಬಾ ಇಷ್ಟ ಆಗಿದೆ, ಸ್ಟೇಷನ್‌ಗೆ ನಡೆದೇ ಹೋಗಬಹುದು. ನಮ್ಮೆಜಮಾನರ ಆಫೀಸು ಲಂಡನ್‌ನ ಕ್ಯಾನರಿ ವಾರ್ಫ್‌ನಲ್ಲಿ. ಲಂಡನ್ ದಾಟಿ ಹೋಗುವ ಎಲಿಜಬೆತ್ ಲೈನ್ ರೈಲು ಹತ್ತಿ ಕೂತರೆ ಎಲ್ಲೂ ಗಾಡಿ ಬದಲಾಯಿಸದೆ ಹೋಗಬಹುದಂತೆ. ಆದರೆ ವಾರದ ಮಧ್ಯೆ ಮನೆ ನೋಡೋಕೆ ಹೋದಾಗ ಆ ಬೀದಿಯಲ್ಲಿ ಒಬ್ಬರೂ ಕಾಣಲಿಲ್ಲ. ದಾವಣಗೆರೆಯಿಂದ ಅತ್ತೆ ಬಂದು ಬೇಸಿಗೆ ಪೂರ್ತಿ ಇರುತ್ತಾರೆ, ಹಗಲೆಲ್ಲ ಅವರೊಬ್ಬರೇ. ಇದು ಜನ ರಾತ್ರಿ ಮಲಗೋಕೆ ಮಾತ್ರ ಬರುವ ಊರಾ? ಸುತ್ತಲಿನ ಹೊಲಗಳೆಲ್ಲ ನಾಳೆ ಲೇಔಟ್ ಆಗಿಬಿಡ್ತಾವಾ?

ಹಳಿಪ್ರಿಯ:
ಸುಮಾ ಅವರೇ, ಈ ಊರು ಮೊದಲಿಂದಲೂ ದಾರಿಯ ಮೇಲಿನ ಊರು. ಲಂಡನ್‌ನಿಂದ ಬಾತ್ ಊರಿಗೆ ಹೋಗುವ ಕುದುರೆ ಗಾಡಿಗಳು ಇಲ್ಲೇ ಹಾದು ಹೋಗುತ್ತಿದ್ದವು. 1839ರ ಜುಲೈನಲ್ಲಿ ಗ್ರೇಟ್ ವೆಸ್ಟರ್ನ್ ರೈಲು ಬಂದಾಗ ಇದೇ ಕೊನೇ ನಿಲ್ದಾಣ, ಯಾಕಂದರೆ ಮುಂದೆ ಸಾನಿಂಗ್ ಗುಡ್ಡ ಅಡ್ಡ ಇತ್ತು. ರೈಲಿನ ಎಂಜಿನಿಯರ್ ಬ್ರುನೆಲ್‌ನ ಕೂಲಿಗಳು ಗುದ್ದಲಿ ಪಿಕಾಸಿ ಹಿಡಿದು, ಮಳೆ ಕೆಸರಲ್ಲಿ ಸುಮಾರು ಎರಡು ಮೈಲಿ ಉದ್ದ, ಕೆಲವು ಕಡೆ 60 ಅಡಿ ಆಳ ಅಗೆದ ಮೇಲೇ 1840ರ ಮಾರ್ಚ್‌ನಲ್ಲಿ ರೈಲು ರೆಡಿಂಗ್ ಮುಟ್ಟಿತು. ರೆಡಿಂಗ್ ಕಡೆ ಹೋಗುವಾಗ ಕಿಟಕಿಯಾಚೆ ಎರಡೂ ಕಡೆ ಮರಗಳು ತುಂಬಿದ ದಿಬ್ಬ ಕಾಣುತ್ತಲ್ಲ, ಅದೇ. 1857ರಲ್ಲಿ ಹತ್ತಿರದ ಹೆನ್ಲಿ ಊರಿಗೆ ಕವಲು ಹಳಿ ಬಿತ್ತು. ಈಗ ನೀವು ನೋಡುವ ಮನೆಗಳಲ್ಲಿ ಹೆಚ್ಚಿನವು ಎರಡನೇ ಮಹಾಯುದ್ಧದ ನಂತರದವು.

ಒಂದು ವಿಷಯ, ಆತುರ ಇದ್ದ ದಿನ ಎಲಿಜಬೆತ್ ಲೈನ್ ಬೇಡ. ಅದು ಸ್ಟೇಷನ್ ಸ್ಟೇಷನ್‌ಗೂ ನಿಲ್ಲುತ್ತೆ. ನಿಮ್ಮೆಜಮಾನರು ಲಂಡನ್‌ನ ಪ್ಯಾಡಿಂಗ್ಟನ್ ಸ್ಟೇಷನ್‌ವರೆಗೆ ಫಾಸ್ಟ್ ರೈಲಲ್ಲಿ ಹೋಗಿ ಅಲ್ಲಿ ಬದಲಾಯಿಸಲಿ.

ಲಾಡನ್_ದಂಡೆ:
ಅಲ್ಲೇ ಇರುವವಳಾಗಿ ಹೇಳ್ತೀನಿ. ನೀವು ನೋಡಿದ್ದು ಮನೆಗಳ ಬೀದಿ, ಅಲ್ವಾ? ಹಗಲು ಹನ್ನೊಂದಕ್ಕೆ ಪೇಟೆ ಕೂಡುರಸ್ತೆ ಹತ್ತಿರ ಬನ್ನಿ. ಕೈಚೀಲ ಹಿಡಿದ ವಯಸ್ಸಾದವರು, ಮಗುವಿನ ತಳ್ಳುಗಾಡಿ ತಳ್ಳುವ ತಾಯಂದಿರು, ಲೈಬ್ರರಿಗೆ ಹೋಗುವವರು ಇದ್ದೇ ಇರುತ್ತಾರೆ. ಕೋವಿಡ್ ಆದಮೇಲೆ ಊರು ಬದಲಾಯಿತು. 2021ರಲ್ಲಿ 28 ದಿನದಲ್ಲಿ 8 ದಿನ ಓಡಾಡುವ ಫ್ಲೆಕ್ಸಿ ಸೀಸನ್ ಟಿಕೆಟ್ ಬಂತು ಅಂದರೆ ಗೊತ್ತಾಗುತ್ತಲ್ಲ, ಜನ ದಿನಾ ಲಂಡನ್‌ಗೆ ಹೋಗೋದು ಬಿಟ್ಟಿದ್ದಾರೆ. ಮಂಗಳವಾರ ಬೆಳಿಗ್ಗೆ ಪ್ಲಾಟ್‌ಫಾರಂ ತುಂಬಿರುತ್ತೆ, ಬಾಗಿಲು ಎಲ್ಲಿ ಬರುತ್ತೋ ಸರಿಯಾಗಿ ಅಲ್ಲೇ ಗುಂಪು ನಿಂತಿರುತ್ತೆ. ಶುಕ್ರವಾರ ಖಾಲಿ ಖಾಲಿ.

ಅತ್ತೆಯವರನ್ನು ಲಾಡನ್ ಹೊಳೆ ಪಕ್ಕದ ಕೆರೆ ಕಡೆ ವಾಕಿಂಗ್ ಕರ್ಕೊಂಡು ಹೋಗಿ. ಅದು ಹಿಂದೆ ಜಲ್ಲಿ ತೆಗೆದ ಗುಂಡಿ, ಈಗ ನೀರು ತುಂಬಿ ಹಕ್ಕಿಗಳ ತಾಣ. ಊರೊಳಗೆ ಮಾತಾಡಿಸಿದರೆ ಜನ ಮಾತಾಡುತ್ತಾರೆ, ಆದರೆ ಮೊದಲು ನಾವೇ ಮಾತಾಡಿಸಬೇಕು. ಬೇಳೆ, ಕರಿಬೇವು, ನುಗ್ಗೆಕಾಯಿಗೆ ಮಾತ್ರ ರೆಡಿಂಗ್‌ಗೇ ಹೋಗಬೇಕು.

ಬೆಳವಾಡಿ_ಹುಡುಗ:
ಹೊಲಗಳ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಪೂರ್ವಕ್ಕೆ ಪಕ್ಕದ ಹಳ್ಳಿ ರಸ್ಕೋಂಬ್ ಕಡೆ ಗ್ರೀನ್ ಬೆಲ್ಟ್ ಇದೆ, ಅಂದರೆ ಊರು ಹರಡದಂತೆ ಕಟ್ಟಡಕ್ಕೆ ಕಡಿವಾಣ ಹಾಕಿದ ಜಾಗ, ಇಷ್ಟು ವರ್ಷ ಹೊಲ ಉಳಿದಿದ್ದು ಹೆಚ್ಚಾಗಿ ಅದರಿಂದಲೇ. ಆದರೆ 2024ರ ಡಿಸೆಂಬರ್‌ನಲ್ಲಿ ಸರ್ಕಾರ ಪ್ಲಾನಿಂಗ್ ನಿಯಮ ಬದಲಾಯಿಸಿ 'ಗ್ರೇ ಬೆಲ್ಟ್' ಅಂತ ಹೊಸದೊಂದು ವಿಂಗಡಣೆ ತಂದಿದೆ. ಗ್ರೀನ್ ಬೆಲ್ಟ್ ಒಳಗೇ ಇದ್ದರೂ ಅದರ ಮುಖ್ಯ ಉದ್ದೇಶಕ್ಕೆ ಅಷ್ಟಾಗಿ ನೆರವಾಗದ ಜಾಗದಲ್ಲಿ ಮನೆ ಕಟ್ಟೋದು ಈಗ ಮೊದಲಿಗಿಂತ ಸುಲಭ. ಸ್ಟೇಷನ್ ಇರುವ ಊರಿನ ಮೇಲೆ ಬಿಲ್ಡರ್‌ಗಳ ಕಣ್ಣು ಜಾಸ್ತಿ. ಹಾಗಾಗಿ ಹಿತ್ತಲ ಆಚೆಯ ಹೊಲ ಸದಾ ಹೀಗೇ ಇರುತ್ತೆ ಅಂತ ನಂಬಿ ದುಡ್ಡು ಹಾಕಬೇಡಿ.

ನನಗೆ ಹೊಸ ಮನೆಗಳ ಮೇಲೆ ಸಿಟ್ಟಿಲ್ಲ. ಇಲ್ಲೇ ಹುಟ್ಟಿ ಬೆಳೆದ ಹುಡುಗರಿಗೇ ಇಲ್ಲಿ ಮನೆ ತಗೊಳ್ಳೋಕೆ ಆಗ್ತಿಲ್ಲ, ಅದು ನಿಜವಾದ ಸಂಕಟ. ಡಾಕ್ಟರು, ಸ್ಕೂಲು ಜೊತೆಗೇ ಬರಲಿ ಅನ್ನೋದಷ್ಟೇ ನನ್ನ ಮಾತು.

ಹೊಳೆ ಕಡೆಯ ಮನೆಯಾದರೆ ನೆರೆ ಮ್ಯಾಪ್ ನೋಡದೆ ಮುಂದುವರಿಯಬೇಡಿ, ಇನ್ಶೂರೆನ್ಸ್ ದರವನ್ನೂ ಮೊದಲೇ ಕೇಳಿ. ಆಮೇಲೆ ಒಂದು ಸಂಜೆ ಪ್ಯಾರಿಷ್ ಕೌನ್ಸಿಲ್ (ನಮ್ಮ ಗ್ರಾಮ ಪಂಚಾಯಿತಿ ಥರ) ಮೀಟಿಂಗ್‌ಗೆ ಹೋಗಿ ಕೂತು ಬನ್ನಿ. ಯಾರು ಬೇಕಾದರೂ ಹೋಗಬಹುದು.