ಡೆಡ್ ಸೆಲ್ಸ್: ಕನ್ಸಿಯರ್ಜ್ ಮುಂದೆ ಸತ್ತು ಸತ್ತು ಸಾಕಾಯ್ತು

ರಾತ್ರಿಪಾಳಿ: ಕೆಲಸ ಮುಗಿಸಿ ಬಂದು ದಿನಾ ಒಂದು ಗಂಟೆ ಈ ವಿಡಿಯೋ ಗೇಮ್ ಆಡ್ತೀನಿ. ಕಪ್ಪು ಸೇತುವೆ ಮೇಲಿನ ದೊಡ್ಡ ಶತ್ರು (ಬಾಸ್) ಕನ್ಸಿಯರ್ಜ್ ಹತ್ರ 14 ಸಲ ಸತ್ತಿದ್ದೀನಿ. ಒಂದು ಕೈಯಲ್ಲಿ ಬ್ಯಾಲೆನ್ಸ್ಡ್ ಬ್ಲೇಡ್ ಅನ್ನೋ ಕತ್ತಿ, ಇನ್ನೊಂದ್ರಲ್ಲಿ ಬಿಲ್ಲು. ಆಯುಧಗಳ ಬಣ್ಣದ ಶಕ್ತಿ ಹೆಚ್ಚಿಸೋ ಸ್ಕ್ರಾಲ್ (ಸುರುಳಿ) ಸಿಕ್ಕಿದ್ದನ್ನ ಮೂರೂ ಬಣ್ಣಕ್ಕೂ ಸಮ ಹಂಚ್ತೀನಿ. ಎಲ್ಲಿ ಎಡವ್ತಿದ್ದೀನಿ?

ಗುರಾಣಿಪ್ರಿಯ: ಸಮ ಹಂಚೋದೇ ಎಡವಟ್ಟು ಮಾರಾಯ್ರೆ! ಕತ್ತಿ ಕೆಂಪಾದ್ರೆ ಸಿಕ್ಕಿದ್ದೆಲ್ಲ ಕೆಂಪಿಗೇ ಸುರೀರಿ. ಬಿಲ್ಲು ಬಿಟ್ಟು ಗುರಾಣಿ ಹಿಡೀರಿ. ಅವನ ಏಟು ಬೀಳೋ ಕ್ಷಣಕ್ಕೆ ಸರಿಯಾಗಿ ಗುರಾಣಿ ಬಟನ್ ಒತ್ತಿದ್ರೆ ಪ್ಯಾರಿ, ಅಂದ್ರೆ ಏಟು ಪೂರ್ತಿ ತಡೆದ ಹಾಗೆ. ಮೊದಲೇ ಒತ್ತಿ ಹಿಡ್ಕೊಂಡ್ರೆ ಒಂದಿಷ್ಟು ಪೆಟ್ಟು ತಿಂತೀರಿ. ನಾನು ಇದನ್ನ ಕಲಿಯೋಕೆ ಮೊದಲ ಹಂತದ ಬಡಪಾಯಿ ಜಾಂಬಿಗಳ ಮುಂದೆ ಎರಡು ಸಂಜೆ ನಿಂತಿದ್ದೆ, ಹೆಂಡತಿ ನಗ್ತಿದ್ಲು.

ಸೋಮಾರಿ_ಖಡ್ಗ: ನನಗೆ ಗುರಾಣಿ ಆಗ್ಬರಲ್ಲ, ಉರುಳೋದೇ ಸೈ. ದೂರ ಓಡ್ಬೇಡಿ, ಅವನ ಕಡೆಗೇ ಉರುಳಿ ಬೆನ್ನಿಗೆ ಹೋಗಿ. ಪೆಟ್ಟು ತಿಂದ ತಕ್ಷಣ ತಿರುಗಿ ಹೊಡೆದ್ರೆ ಕಳೆದ ಜೀವ ಸ್ವಲ್ಪ ವಾಪಸ್ ಬರುತ್ತೆ, ಹೆದರಿ ಹಿಂದೆ ಸರಿದ್ರೆ ಅದೂ ಹೋಯ್ತು. ಆಮೇಲೆ, ಶತ್ರುಗಳನ್ನ ಕೊಂದಾಗ ಸಿಗೋ ಸೆಲ್ಸ್ ಎಲ್ಲ ಹಂತಗಳ ನಡುವೆ ಸಿಗೋ ಕಲೆಕ್ಟರ್ ಹತ್ರ ಖರ್ಚು ಮಾಡಿಯೇ ಮುಂದೆ ಹೋಗಿ, ಸತ್ರೆ ಅವೂ ಹೋಗುತ್ವೆ.

ರಾತ್ರಿಪಾಳಿ: ಗುರಾಣಿ ಹಿಡಿದೆ. 15ನೇದ್ರಲ್ಲೂ ಸತ್ತೆ, ಆದ್ರೆ ಅವನಿಗೆ ಉಳಿದಿದ್ದು ಕೂದಲೆಳೆಯಷ್ಟು ಜೀವ. ನಾಳೆ ರಜೆ, ನೋಡ್ಕೋತೀನಿ ಅವನ್ನ.