ಬೈಕಿನ ಹೆಚ್ಚುವರಿ ದೀಪಗಳನ್ನು ಘಾಟಿಯ ರಾತ್ರಿ ಸವಾರಿಗೆ ಹೊಂದಿಸುವ ಬಗೆ: ಅನುಭವ ಹಂಚಿಕೆ

ಹಾಸನದಿಂದ ಒಬ್ಬರ ಕೋರಿಕೆ

ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ನಾನು ಆಗಾಗ ರಾತ್ರಿ ಹೊತ್ತಿನಲ್ಲೇ ಹೋಗಬೇಕಾಗುತ್ತದೆ. ಹೆಚ್ಚಿನ ಸಲ ಹಿಂದೆ ತಮ್ಮನೂ ಕುಳಿತಿರುತ್ತಾನೆ, ಜೊತೆಗೆ ಒಂದು ಬ್ಯಾಗೂ ಇರುತ್ತದೆ. 350 ಸಿಸಿ ಬೈಕಿನ ಕ್ರ್ಯಾಶ್ ಗಾರ್ಡಿಗೆ 20 ವ್ಯಾಟ್‌ನ ಎರಡು ಎಲ್‌ಇಡಿ ದೀಪಗಳನ್ನು ಹಾಕಿಸಿದ್ದೇನೆ. ಬೆಳಕು ಬೇಕಾದಷ್ಟಿದೆ. ಆದರೆ ಎದುರಿನಿಂದ ಬರುವವರು ಡಿಮ್ ಮಾಡುವಂತೆ ದೀಪ ಮಿಟುಕಿಸುತ್ತಾರೆ, ಮಂಜು ಕವಿದಾಗ ಮುಂದೆ ಬಿಳಿ ಗೋಡೆ ಎದ್ದು ನಿಂತಂತಾಗುತ್ತದೆ. ಹೊಂದಿಸುವ ಸರಿಯಾದ ಕ್ರಮವನ್ನು ಅನುಭವಸ್ಥರು ತಿಳಿಸಬೇಕೆಂದು ವಿನಂತಿ.

ಉಪ್ಪಿನಂಗಡಿಯಿಂದ

ನಮಸ್ಕಾರ. ತಮ್ಮ ಪ್ರಶ್ನೆಯಲ್ಲಿಯೇ ಕಾರಣದ ಅರ್ಧ ಭಾಗವಿದೆ: ಹಿಂದೆ ತಮ್ಮ, ಜೊತೆಗೆ ಬ್ಯಾಗು. ಅಂಗಡಿಯಲ್ಲಿ ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮೇಲೆ ಯಾರೂ ಕೂರದಿರುವಾಗ ಹೊಂದಿಸಿದ ದೀಪವು ಇಬ್ಬರು ಕುಳಿತ ಕ್ಷಣವೇ ತಲೆ ಎತ್ತುತ್ತದೆ. ಲೆಕ್ಕ ಹಾಕಿ ನೋಡಿ. ತಮ್ಮ ಬೈಕಿನ ಎರಡು ಚಕ್ರಗಳ ನಡುವಿನ ಅಂತರ ಸುಮಾರು 140 ಸೆಂ.ಮೀ. ಹಿಂಬದಿಯು ಭಾರಕ್ಕೆ ಮುಂಬದಿಗಿಂತ ಕೇವಲ 2.5 ಸೆಂ.ಮೀ. ಹೆಚ್ಚು ಕುಸಿದರೂ, 7.5 ಮೀಟರ್ ದೂರದ ಗೋಡೆಯ ಮೇಲೆ ಬೆಳಕು 13 ಸೆಂ.ಮೀ.ಗಳಷ್ಟು ಮೇಲೇರುತ್ತದೆ. ಆದ್ದರಿಂದ ಮೊದಲು ಟೈರುಗಳಿಗೆ ಇಬ್ಬರ ಸವಾರಿಗೆ ಹೇಳಿರುವಷ್ಟು ಗಾಳಿ ಹಾಕಿಸಿ, ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರೀಲೋಡನ್ನು (ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಬಿಗಿ) ಭಾರಕ್ಕೆ ತಕ್ಕಂತೆ ಏರಿಸಿ, ಆಮೇಲೆ ತಾವೂ ತಮ್ಮನೂ ಬ್ಯಾಗಿನ ಸಮೇತ ಕುಳಿತೇ ದೀಪ ಹೊಂದಿಸಬೇಕು. ತಿರುಪು ತಿರುಗಿಸುವುದಕ್ಕೆ ಮೂರನೆಯವರೊಬ್ಬರು ಬೇಕಾಗುತ್ತಾರೆ.

ಬೈಕನ್ನು ಗೋಡೆಗೆ ಎದುರಾಗಿ 7.5 ಮೀಟರ್ ದೂರದಲ್ಲಿ ನಿಲ್ಲಿಸಿ. ನೆಲ ಸಮವಾಗಿರಬೇಕು, ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗ್ ಇದಕ್ಕೆ ಅನುಕೂಲ. ನೆಲದ ಮೇಲೆ ಅನುಮಾನವಿದ್ದರೆ ಗಾರೆ ಕೆಲಸದವರು ಬಳಸುವ ನೀರಿನ ಪೈಪಿನಿಂದ ದೀಪದ ಎತ್ತರವನ್ನು ಗೋಡೆಗೆ ಸಾಗಿಸಿ ಗೆರೆ ಎಳೆಯಿರಿ. ಇಳಿಜಾರಿನ ನೆಲದಲ್ಲಿ ಮಾಡಿದ ಹೊಂದಾಣಿಕೆ ಎಷ್ಟೇ ಎಚ್ಚರದಿಂದ ಮಾಡಿದರೂ ಉಪಯೋಗಕ್ಕೆ ಬಾರದು. ಈಗ ಒಂದು ದೀಪವನ್ನು ಬಟ್ಟೆಯಿಂದ ಮುಚ್ಚಿ ಇನ್ನೊಂದನ್ನು ನೋಡಿ. ಗೋಡೆಯ ಮೇಲೆ ಬೆಳಕು ಅಗಲವಾಗಿ ಹರಡಿ, ಮೇಲಂಚು ಕತ್ತರಿಸಿದಂತೆ ನೇರವಾಗಿದ್ದರೆ ಅದು ಮಂಜಿನ ದೀಪದ ಜಾತಿ. ನಡುವೆ ಒಂದು ಪ್ರಖರವಾದ ಗುಂಡು ಚುಕ್ಕೆ ಬಿದ್ದು ಸುತ್ತ ಮಸುಕಾಗಿದ್ದರೆ ಅದು ದೂರ ಬೀಳುವ ಸ್ಪಾಟ್ ದೀಪ. ಈ ಎರಡಕ್ಕೂ ಒಂದೇ ಅಳತೆ ಸಲ್ಲದು.

ಅಂಚುಳ್ಳ ದೀಪವಾದರೆ, ದೀಪದ ಕೇಂದ್ರವು ನೆಲದಿಂದ 60 ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. 7.5 ಮೀಟರ್ ದೂರದ ಗೋಡೆಯಲ್ಲಿ ಮೇಲಂಚು 45 ಸೆಂ.ಮೀ.ಗೆ ಬರುವಂತೆ ಇಳಿಸಿದರೆ ಬೆಳಕು ರಸ್ತೆಯನ್ನು ಮುಟ್ಟುವುದು 30 ಮೀಟರಿನಲ್ಲಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ, ಎಚ್ಚೆತ್ತುಕೊಳ್ಳಲು ಒಂದೂವರೆ ಸೆಕೆಂಡ್ ಹಿಡಿದು, ಒಣ ರಸ್ತೆಯಲ್ಲಿ ನಿಲ್ಲಲು ಬೇಕಾಗುವ ದೂರ ಸುಮಾರು 27 ಮೀಟರ್. ರಸ್ತೆ ಒದ್ದೆಯಾಗಿದ್ದರೆ ಅದು 30ನ್ನು ದಾಟುತ್ತದೆ. ಗಂಟೆಗೆ 60 ಕಿ.ಮೀ. ವೇಗಕ್ಕಾದರೆ ಒಣ ರಸ್ತೆಯಲ್ಲಿಯೇ 48 ಮೀಟರ್ ಬೇಕು. ಅಂದರೆ ಈ ದೀಪಗಳು ಘಾಟಿಯ ನಿಧಾನದ ಓಟಕ್ಕೆ ಮಾತ್ರ ಸಾಕು. ದೂರದ ಬೆಳಕಿಗಾಗಿ ಅವುಗಳನ್ನು ಮೇಲೆತ್ತಿದರೆ ಎದುರಿನವರ ಕಣ್ಣಿಗೆ ಚುಚ್ಚುತ್ತವೆಯೇ ಹೊರತು ತಮಗೆ ಹೆಚ್ಚೇನೂ ಕಾಣಿಸುವುದಿಲ್ಲ.

ಸ್ಪಾಟ್ ದೀಪವಾದರೆ ಅದೇ ಗೋಡೆಯಲ್ಲಿ ಚುಕ್ಕೆಯ ನಡುಭಾಗವು ದೀಪದ ಎತ್ತರಕ್ಕಿಂತ 4 ಸೆಂ.ಮೀ.ನಷ್ಟು ಕೆಳಗಿರಲಿ. ಆದರೆ ಇದನ್ನು ಹೆಡ್‌ಲೈಟಿನ ಹೈ ಬೀಮ್‌ನೊಂದಿಗೆ ಮಾತ್ರ ಉರಿಸಬೇಕು. ಅಂಚಿಲ್ಲದ ಬೆಳಕನ್ನು ಎಷ್ಟು ಇಳಿಸಿದರೂ ಅದರ ಚೆದುರು ಎದುರಿನವರನ್ನು ತಲುಪಿಯೇ ತಲುಪುತ್ತದೆ.

ಮೂಡಿಗೆರೆಯಿಂದ

ಮೇಲಿನ ವಿವರಣೆಗೆ ತಿರುವುಗಳ ವಿಷಯವನ್ನು ಸೇರಿಸಲು ಬಯಸುತ್ತೇನೆ. ನಾನು ಕೊಟ್ಟಿಗೆಹಾರ, ಚಾರ್ಮಾಡಿ ಮಾರ್ಗದ ಸವಾರ. ಗೋಡೆಯ ಮುಂದೆ ನೇರವಾಗಿ ನಿಂತಾಗ ಕಾಣುವ ಹೊಂದಾಣಿಕೆ, ಬೈಕು ಬಾಗಿದಾಗ ಹಾಗೆಯೇ ಉಳಿಯುವುದಿಲ್ಲ. ಎಡ ತಿರುವಿನಲ್ಲಿ ನಾವು ಎಡಕ್ಕೆ ಬಾಗುತ್ತೇವೆ; ಬೆಳಕಿನ ಎಡತುದಿ ನೆಲಕ್ಕೆ ಇಳಿದು, ಬಲತುದಿ ಮೇಲೇಳುತ್ತದೆ. ಎದುರಿನ ವಾಹನ ಬರುವುದು ಆ ಬಲಬದಿಯಿಂದಲೇ. ಹಾಗಾಗಿ ನಾನು ಬಲದೀಪವನ್ನು ಎಡದೀಪಕ್ಕಿಂತ ತುಸು ಕೆಳಕ್ಕೆ ಇಳಿಸಿ ನೇರಕ್ಕೆ ಬಿಟ್ಟಿದ್ದೇನೆ, ಎಡದೀಪವನ್ನು 7.5 ಮೀಟರಿನಲ್ಲಿ ಒಂದು ಮೊಳದಷ್ಟು ಎಡಕ್ಕೆ ತಿರುಗಿಸಿದ್ದೇನೆ. ಇದರಿಂದ ಟಾರಿನ ಅಂಚು, ಅಲ್ಲಿಯ ಜಲ್ಲಿ, ಕತ್ತಲಲ್ಲಿ ನಡೆದು ಹೋಗುವವರು, ಮಲಗಿದ ದನ, ಎಲ್ಲವೂ ಮೊದಲೇ ಕಾಣುತ್ತವೆ. ಬಲ ತಿರುವಿನಲ್ಲಿ ರಸ್ತೆ ಸಾಗುವ ಕಡೆ ಬೆಳಕು ಕಡಿಮೆಯಾಗುವುದು ನಿಜ. ಅದಕ್ಕೆ ವೇಗ ಇಳಿಸುವುದನ್ನು ಬಿಟ್ಟು ನನಗೆ ಬೇರೆ ಉಪಾಯ ಸಿಕ್ಕಿಲ್ಲ.

ಹಳದಿ ಬೆಳಕು ಮಂಜನ್ನು ಭೇದಿಸುತ್ತದೆ ಎಂಬ ಮಾತನ್ನು ಅಂಗಡಿಗಳಲ್ಲಿ ಹೇಳುತ್ತಾರೆ. ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ದೊಡ್ಡವು. ಹನಿಗಳು ಹಳದಿಯನ್ನೂ ಬಿಳಿಯನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚೆದುರಿಸುತ್ತವೆ. ಕಣ್ಣಿಗೆ ಹಳದಿ ಹಿತವೆನಿಸಿದರೆ ಹಾಕಿಸಿಕೊಳ್ಳಿ, ನಾನೂ ಹಾಕಿಸಿಕೊಂಡಿದ್ದೇನೆ. ಆದರೆ ನೋಟದ ದಾರಿಯಲ್ಲಿರುವ ಹನಿಗಳ ಮೇಲೆ ಬೆಳಕು ಬೀಳದಂತೆ ದೀಪವು ಕೆಳಗಿರುವುದು, ಅದರ ಮೇಲಂಚು ಸ್ಪಷ್ಟವಾಗಿರುವುದು, ಹೈ ಬೀಮ್ ಆರಿರುವುದು, ಇವೇ ಮಂಜಿನಲ್ಲಿ ಕೆಲಸಕ್ಕೆ ಬರುವ ಸಂಗತಿಗಳು. ಗೀರು ಬಿದ್ದ ಹೆಲ್ಮೆಟ್ ವೈಸರನ್ನೂ ದಯವಿಟ್ಟು ಬದಲಿಸಿ.

ತುಮಕೂರಿನಿಂದ

ವೈರಿಂಗ್ ಸರಿಯಿಲ್ಲದಿದ್ದರೆ ಮೇಲಿನ ಶ್ರಮವೆಲ್ಲ ವ್ಯರ್ಥ, ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಎರಡು ದೀಪ ಸೇರಿ 40 ವ್ಯಾಟ್ ಎಂದರೆ 12 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್. ಬ್ಯಾಟರಿಯ ಪಕ್ಕದಲ್ಲಿಯೇ 5 ಆಂಪಿಯರ್ ಫ್ಯೂಸ್ ಇರಿಸಿ, ಅಲ್ಲಿಂದ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು; ಕಾಲುಗಳ ಸಂಖ್ಯೆ ಅದರ ಮೇಲೆಯೇ ಇರುತ್ತದೆ) 30ನೇ ಕಾಲಿಗೆ, 87ರಿಂದ ದೀಪಗಳಿಗೆ ವೈರ್ ಎಳೆಯಬೇಕು. 85 ಅರ್ಥಿಂಗ್‌ಗೆ, 86 ಸ್ವಿಚ್ಚಿಗೆ. ಆ ಸ್ವಿಚ್ಚಿಗೆ ಕರೆಂಟು ಎಲ್ಲಿಂದ ಬರುತ್ತದೆ ಎಂಬುದೇ ಮುಖ್ಯ. ಸ್ಪಾಟ್ ದೀಪಕ್ಕೆ ಹೈ ಬೀಮ್ ವೈರಿನಿಂದ ತೆಗೆದುಕೊಂಡರೆ, ಎದುರಿನ ವಾಹನ ಕಂಡು ಡಿಪ್ ಮಾಡಿದ ಕೂಡಲೇ ಇವೂ ಆರುತ್ತವೆ; ಇನ್ನೊಂದು ಗುಂಡಿಯನ್ನು ಕತ್ತಲಲ್ಲಿ ಹುಡುಕಬೇಕಾಗಿಲ್ಲ. ಅಂಚುಳ್ಳ ದೀಪಕ್ಕೆ ಇಗ್ನಿಷನ್ ಬಂದಾಗ ಮಾತ್ರ ಕರೆಂಟು ಬರುವ ವೈರು ಸಾಕು.

2024ರ ಜುಲೈಯಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆ ನಡೆಸಿ ಮೊಕದ್ದಮೆಗಳನ್ನು ಹೂಡಿದ್ದರು. ಊರೊಳಗಿನ ಬೀದಿದೀಪವಿರುವ ರಸ್ತೆಗಳಲ್ಲಿ ಇವುಗಳನ್ನು ಪೂರ್ತಿ ಆರಿಸಿಯೇ ಓಡಿಸುವುದು ನ್ಯಾಯ.

ಕೊನೆಯದಾಗಿ, ಕ್ರ್ಯಾಶ್ ಗಾರ್ಡಿನ ಅದುರಿಗೆ ನಟ್ಟುಗಳು ಸಡಿಲಗೊಳ್ಳುವುದು ಖಚಿತ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆಯಿದ್ದು ಸಡಿಲವಾಗದಂತೆ ಹಿಡಿಯುವ ನಟ್ಟು) ಬಳಸಿ, ಹೊಂದಿಸಿದ ಮೇಲೆ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ಗೆರೆ ಮುರಿದದ್ದು ಕಂಡರೆ ಹೊರಡುವ ಮುನ್ನವೇ ಗೋಡೆಯ ಮುಂದೆ ಮತ್ತೊಮ್ಮೆ ನಿಲ್ಲಿಸಿ ನೋಡಬೇಕು.